ಹೆಡ್ ಕಡಿಸೂಕಿಂತ ಮೊದಲ ಅಳೀರಿ

ಎಲ್ಲಾರಿಗೂ ನಮಸ್ಕಾರ್ರಿ. ಬೆಳಗಾವಿ, ಬಾಗಲಕೋಟಿ, ವಿಜಯಪುರದಾಗ ಹಳೇ ಅಂಬಾಸಿಡರ್ ಇಟ್ಕೊಂಡು, ಅದರ 1489 ಸಿಸಿ ಬ್ಲಾಕಿಗೆ ಅದೇ ಬಿ-ಸಿರೀಸ್ ಎಂಜಿನ್ ಮನಿತನದ ದೊಡ್ಡ ಎಂಜಿನ್ನಿನ ಹೆಡ್, ಅಂದ್ರ ಸಿಲಿಂಡರ್ ಮ್ಯಾಲಿನ ಮುಚ್ಚಳ, ಕೂಡಿಸಬೇಕು ಅನ್ನೋರಿಗೆ ಇವತ್ತಿನ ಮಾತು. ಹೇಳೂದು ಒಂದೇ: ಅಳತಿ ಮಾಡದ ಹೆಡ್ ಕಡಿಸಬ್ಯಾಡ್ರಿ, ಅಂದ್ರ ಅದರ ತಳ ಮಷೀನಿನ್ಯಾಗ ತೆಳ್ಳಗ ಮಾಡಿಸಬ್ಯಾಡ್ರಿ.

ಬೋರ್ (ಸಿಲಿಂಡರಿನ ಅಗಲ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 88.9 ಮಿ.ಮೀ. ಅಂದ್ರ ಒಂದು ಸಿಲಿಂಡರಿಗೆ 372 ಸಿಸಿ. ಅಷ್ಟೂ ಹೋಗಿ ಅಡಕೋಬೇಕಾದ ಜಾಗಾ ಯಾವುದು? ಹೆಡ್ಡಿನ ಚೇಂಬರ್ (ಪೆಟ್ರೋಲ್ ಉರಿಯೋ ಗುಳಿ), ಹೆಡ್ಡು-ಬ್ಲಾಕಿನ ನಡುವಿನ ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ ಮ್ಯಾಲಿನ ಸಂದು, ಪಿಸ್ಟನ್ ತಲಿಯ ತಗ್ಗು. ನಾಕೂ ಕೂಡಿ 46 ಸಿಸಿ ಆದ್ರ, 372ಕ್ಕ 46 ಕೂಡಿಸಿ 46ರಿಂದ ಭಾಗಿಸ್ರಿ. ಕಂಪ್ರೆಷನ್, ಅಂದ್ರ ಎಷ್ಟು ಪಟ್ಟು ಒತ್ತತೈತಿ ಅನ್ನೂದು, 9 ಬಂತು. ರಸ್ತೆ ಗಾಡಿಗೆ ಎಂಟೂವರಿಯಿಂದ ಒಂಬತ್ತು ಸಾಕ್ರಿ. ಬೋರ್ ದೊಡ್ಡದು ಮಾಡ್ಸಿದ್ರ ಲೆಕ್ಕಾನೂ ಹೊಸದು.

ಅಳಿಯೂದು ಹೆಂಗ? ವಾಲ್ವ್, ಪ್ಲಗ್ ಹಾಕಿದ ಹೆಡ್ ಬೋರಲ ಇಡ್ರಿ. ಚೇಂಬರಿನ ಅಂಚಿಗೆ ಗ್ರೀಸ್ ಹಚ್ಚಿ, ತೂತಿರೋ ಅಕ್ರಿಲಿಕ್ ಹಾಳಿ ಒತ್ರಿ. ಬ್ಯೂರೆಟ್ಟಿನಿಂದ (ಸಿಸಿ ಗುರುತಿರೋ ಗಾಜಿನ ನಳಗಿ) ಸೀಮೆಎಣ್ಣಿ ಬಿಟ್ಟು, ಗುಳ್ಳಿ ಇಲ್ಲದಂಗ ತುಂಬಿ, ಎಷ್ಟು ಹಿಡೀತು ಬರಕೋರಿ. ನಾಕೂ ಚೇಂಬರಿಗೆ ಹಂಗೇ ಮಾಡ್ರಿ. ಅರ್ಧ ತಾಸಿನ ಕೆಲಸ!

ಅಳತಿ ಮಾಡದವರ ಗಾಡಿ ಏನಾತು ಕೇಳ್ರಿ. "ಪಿಕಪ್ ಬರ್ಲಿ" ಅಂತ ಹೆಡ್ 2 ಮಿ.ಮೀ. ಕಡಿಸಿದ್ರು. ಚೇಂಬರಿನ ಬಾಯಿ 30 ಚದರ ಸೆಂ.ಮೀ. ಹಿಡಿದ್ರ 6 ಸಿಸಿ ಹೋತು. 46 ಇದ್ದದ್ದು 40 ಆತು, ಕಂಪ್ರೆಷನ್ 10.3ಕ್ಕ ಏರಿತು. ಊರಾಗ ಗಾಡಿ ಕುದುರಿಹಂಗ ಓಡ್ತು. ಮೇ ತಿಂಗಳ ಬಿಸಲಾಗ ಐದು ಮಂದಿ ಕುಂತು ಗೋವಾಕ್ಕ ಹೋಗಿ, ವಾಪಸ್ ಬರ್ತಾ ಚೋರ್ಲಾ ಘಾಟ್ ಏರಿದ್ರು. ಟಾಪ್ ಗೇರಿನ್ಯಾಗ ಕಟಕಟ ಸಪ್ಪಳ. ವಾಲ್ವ್ ಒತ್ತೋ ಟ್ಯಾಪೆಟ್ ಸಡ್ಲಾಗೇತಿ ಅಂತ ತಿಳಿದು, ನಿಲ್ಲಿಸಿ ಟ್ಯಾಪೆಟ್ ಬಿಗಿ ಮಾಡಿ, ಮತ್ತ ಏರಿಸಿದ್ರು. ಅದು ಟ್ಯಾಪೆಟ್ ಅಲ್ರಿ! ಪ್ಲಗ್ಗಿನ ಬೆಂಕಿ ಮುಟ್ಟೂಕಿಂತ ಮೊದಲ, ಮೂಲ್ಯಾಗ ಒತ್ತಿ ಕಾದ ಪೆಟ್ರೋಲ್ ತಾನ ಸಿಡಿಯೋ ಸಪ್ಪಳ. ಆರ್‌ಪಿಎಂ ಕಡಿಮಿ, ಲೋಡ್ ಜಾಸ್ತಿ ಇದ್ದಾಗ ಅದು ಹೆಚ್ಚು. ಮ್ಯಾಲ ಮುಟ್ಟೂದ್ರಾಗ 3ನೇ ಪಿಸ್ಟನ್ನಿನ ರಿಂಗ್ ಕೂಡೋ ಅಂಚು ಒಡೀತು, ಗ್ಯಾಸ್ಕೆಟ್ ಹಾರಿತು. ಅಳತಿ ಮಾಡದ್ದಕ್ಕ ಬಿದ್ದ ಖರ್ಚು ಅದು.

ಕಡಿದ ಕಬ್ಬಿಣ ತಿರುಗಿ ಬರೂದಿಲ್ಲ. ಕಂಪ್ರೆಷನ್ ಹೆಚ್ಚಾದ್ರ ತಗ್ಗು ತಲಿಯ ಪಿಸ್ಟನ್ ಹಾಕ್ರಿ. ಎರಡು ಗ್ಯಾಸ್ಕೆಟ್ ಒಂದರ ಮ್ಯಾಲೊಂದು ಇಡೋ ಚಾಳಿ ಬಿಡ್ರಿ.

ವೇಳೆ ಕಡಿಮಿ ಐತಿ, ಉಳಿದದ್ದು ಬಡಬಡ ಹೇಳ್ತೀನಿ. ದೊಡ್ಡ ವಾಲ್ವ್ ಬ್ಲಾಕಿನ ಅಂಚಿಗೆ ಬಡೀತೈತೇನು, ಮಣ್ಣಿನ ಮುದ್ದಿ ಇಟ್ಟು ಕೈಲೆ ತಿರುಗಿಸಿ ನೋಡ್ರಿ. ವಾಲ್ವ್ ಸೀಟ್ ಸವಿಯದಂಗ ಕಾಯತಿದ್ದ ಸೀಸ 2000ದಿಂದ ಪೆಟ್ರೋಲಿನ್ಯಾಗ ಇಲ್ಲ, ಗಟ್ಟಿ ಸೀಟ್ ಕೂಡಿಸ್ರಿ. ಪೆಟ್ರೋಲಿನ್ಯಾಗ ಬೆರಸೋ ಎಥನಾಲಿಗೆ ಹಳೇ ರಬ್ಬರ್ ಪೈಪ್ ತಡಿಯೂದಿಲ್ಲ, ಬದಲಿಸ್ರಿ. ಬೆಳಗಾವಿಯ ಕಾರ್ಖಾನಿ ಪ್ರದೇಶ ಉದ್ಯಮಬಾಗಕ್ಕ ಹೆಡ್ ಒಯ್ಯೋವಾಗ "ಸ್ವಲ್ಪ ಕಡೀರಿ" ಅನಬ್ಯಾಡ್ರಿ, ಎಷ್ಟು ಮಿ.ಮೀ. ಅನ್ನೂದು ಚೀಟಿಯೊಳಗ ಬರದು ಕೊಡ್ರಿ. ನಮಸ್ಕಾರ.