ಡ್ಯಾಮ್ ನಮ್ಮೂರಿನದು, ತಂತಿ ಅಜ್ಜನ ಕಾಲದ್ದು

ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಿಂದ ಮಾತಾಡುತ್ತಿದ್ದೇನೆ. ಹಿಂದೆ ಜೀರುಂಡೆ ಸದ್ದು ಕೇಳಿದರೆ ಅದನ್ನೇ ಹಿನ್ನೆಲೆ ಸಂಗೀತ ಅಂದುಕೊಳ್ಳಿ, ಖರ್ಚಿಲ್ಲದ್ದು.

ಹೋದ ವಾರದ ವಿಡಿಯೋ ಮೂರು ದಿನ ತಡವಾಯಿತು. ಕರೆಂಟ್ ಇರಲಿಲ್ಲ ಅಂದೆ. ಅದಕ್ಕೆ ಒಬ್ಬ ಮಹಾನುಭಾವರು ಕಾಮೆಂಟ್ ಹಾಕಿದ್ದಾರೆ: "ಜೋಗ ನಿಮ್ಮ ಹಿತ್ತಲಲ್ಲೇ ಇದೆ, ನಿಮಗೇನ್ರೀ ಕರೆಂಟಿಗೆ ಬರ? ಸುಮ್ನೆ ನೆಪ." ಅದಕ್ಕೆ ನಲವತ್ತು ಲೈಕ್ ಬೇರೆ. ನನ್ನ ವಿಡಿಯೋಗೇ ಅಷ್ಟು ಬಂದಿರಲಿಲ್ಲ!

ಸ್ವಾಮಿ, ಜೋಗದಲ್ಲಿ ಕರೆಂಟ್ ಹುಟ್ಟುತ್ತದೆ, ಒಪ್ಪಿದೆ. 1948ರಿಂದ ಹುಟ್ಟುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗಿಯಿತು. ಶರಾವತಿ ವಿದ್ಯುದಾಗಾರ ಒಂದರಲ್ಲೇ 10 ಯಂತ್ರ, 1035 ಮೆಗಾವಾಟ್. ಅದಕ್ಕಾಗಿ ಊರು ಬಿಟ್ಟವರೂ ನಮ್ಮ ಜಿಲ್ಲೆಯವರೇ, ಅದು ಬೇರೆ ದಿನದ ಮಾತು. ಆದರೆ ಆ ಕರೆಂಟು ತೋಡಿನ ನೀರಿನ ಹಾಗೆ ಹರಿದು ನಮ್ಮನೆ ಅಂಗಳಕ್ಕೆ ಬರುವುದಿಲ್ಲ. ಅದು 220 ಕೆವಿ, ಅಂದರೆ 2,20,000 ವೋಲ್ಟಿನ ಟವರ್ ಲೈನ್ ಹತ್ತಿ ರಾಜ್ಯ ಸುತ್ತಲು ಹೋಗುತ್ತದೆ. ನಮಗೆ ಸಿಗಬೇಕಾದರೆ ಸಬ್‌ಸ್ಟೇಷನ್ನಿನಲ್ಲಿ ಇಳಿದು, 11 ಕೆವಿ ಫೀಡರ್ ಅನ್ನುವ ಲೈನ್ ಹಿಡಿದು, ಟಿಸಿಗೆ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿಗೆ ಬಂದು, ಅಲ್ಲಿಂದ 230 ವೋಲ್ಟ್ ಆಗಿ ಕಂಬ ಕಂಬ ದಾಟಬೇಕು. ಆ ಕೊನೆಯ ತಂತಿ ಇದೆಯಲ್ಲ, ತೊಂದರೆ ಇರುವುದು ಅಲ್ಲಿ. ಡ್ಯಾಮಿನಲ್ಲಿ ಅಲ್ಲ ಮಾರಾಯ್ರೇ, ತಂತಿಯಲ್ಲಿ.

ಮಲೆನಾಡಿನ ಊರು ಅಂದರೆ ಬಯಲುಸೀಮೆಯ ಹಾಗೆ ಸಾಲು ಮನೆ ಅಲ್ಲ. ಈ ಗುಡ್ಡಕ್ಕೆ ಒಂದು ಮನೆ, ಹಳ್ಳ ದಾಟಿದರೆ ಇನ್ನೊಂದು. ಟಿಸಿ ಕೂತಿರುವುದು ರಸ್ತೆ ಪಕ್ಕ. ನಮ್ಮದು ಆ ಲೈನಿನ ಕಟ್ಟಕಡೆಯ ಮನೆ. ದೂರ ಹೋದಷ್ಟೂ ವೋಲ್ಟೇಜ್ ಇಳಿಯುತ್ತದೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಸಂಜೆ ಎಲ್ಲರ ಮನೆಯಲ್ಲೂ ಸುಲಿಯುವ ಮೆಷಿನ್ ಶುರುವಾದರೆ ಮುಗಿಯಿತು. ನಮ್ಮ ಮಿಕ್ಸಿ ಆಗುಂಬೆ ಘಾಟಿ ಹತ್ತುವ ಹಳೇ ಬಸ್ಸಿನ ಹಾಗೆ ನರಳುತ್ತದೆ. "ಒರಳೇ ವಾಸಿ ಮಾರಾಯ" ಅನ್ನುತ್ತಾರೆ ಅಮ್ಮ.

ಲೆಕ್ಕ ಹೈಸ್ಕೂಲಿನದು. ತಂತಿಯಲ್ಲಿ ಹರಿಯುವ ಕರೆಂಟ್, ಅಂದರೆ ಆಂಪಿಯರ್ ಲೆಕ್ಕದ್ದು, ಎರಡು ಪಟ್ಟಾದರೆ, ಬಿಸಿಯಾಗಿ ವ್ಯರ್ಥವಾಗುವುದು ನಾಲ್ಕು ಪಟ್ಟು. ಅದೇ ಲೋಡನ್ನು ಟಿಸಿಯಿಂದ ಹೊರಡುವ ಮೂರು ಫೇಸ್ ಲೈನಿನ 415 ವೋಲ್ಟಿನ ಬದಲು 11 ಕೆವಿಯಲ್ಲಿ ಸಾಗಿಸಿದರೆ ಸುಮಾರು 26ರಲ್ಲಿ ಒಂದು ಪಾಲು ಕರೆಂಟ್ ಹರಿದರೆ ಸಾಕು. ಹಾಗಾಗಿ 11 ಕೆವಿಯನ್ನೇ ಮನೆಗಳ ಹತ್ತಿರ ತನ್ನಿ. ದೂರದ ಒಂದು ದೊಡ್ಡ ಟಿಸಿ ಬದಲು 25 ಕೆವಿಎ ಸಾಮರ್ಥ್ಯದ ಸಣ್ಣ ಟಿಸಿ ನಾಲ್ಕು ಕಡೆ ಕೂರಿಸಿ. ಅಲ್ಲಿಂದ ಮುಂದೆ ಬರಿ ತಂತಿ ಬೇಡ, ಎಬಿ ಕೇಬಲ್ ಎಳೆಯಿರಿ. ಹೊದಿಕೆ ಇರುವ ತಂತಿಗಳನ್ನು ಹಗ್ಗದ ಹಾಗೆ ಹೊಸೆದಿರುತ್ತಾರೆ. ಗಾಳಿಗೆ ತಂತಿಗೆ ತಂತಿ ಬಡಿದು ಕಿಡಿ ಹಾರುವುದಿಲ್ಲ, ಬಿದಿರು ತಾಗಿದ ಮಾತ್ರಕ್ಕೆ ಫ್ಯೂಸ್ ಹೋಗುವುದಿಲ್ಲ. "ಅಕೇಶಿಯಾ ಮರವೇ ಬಿದ್ದರೆ?" ಅಂತ ಕೇಳುತ್ತೀರಿ, ಗೊತ್ತು. ಮರ ಬಿದ್ದರೆ ಕೇಬಲ್ಲಿಗೂ ಕಷ್ಟವೇ. ಆದರೆ ನಮ್ಮಲ್ಲಿ ಕರೆಂಟ್ ಹೋಗಲು ಮರ ಯಾಕೆ ಬೀಳಬೇಕು? ಒಂದು ಅಡಿಕೆ ಸೋಗೆ ಬಿದ್ದರೆ ಸಾಕು!

ಇದನ್ನು ಕೇಳಿ ಯಾರೂ ಲೈನ್‌ಮ್ಯಾನ್‌ಗಳನ್ನು ಬೈಯಬೇಡಿ. ಜಡಿಮಳೆಯಲ್ಲಿ ಉಂಬಳ ಕಚ್ಚಿಸಿಕೊಂಡು ಕಾಡೊಳಗೆ ಫಾಲ್ಟ್ ಹುಡುಕುವವರು ಅವರೇ. ಒಂದು ಕಡೆ ಸರಿ ಮಾಡಿ ಲೈನಿಗೆ ಕರೆಂಟ್ ಬಿಟ್ಟರೆ ಇನ್ನೊಂದು ಕಡೆ ಟ್ರಿಪ್. ಅವರಾದರೂ ಏನು ಮಾಡುತ್ತಾರೆ? ತಂತಿಯೇ ಹಾಗಿದೆ.

ಇನ್ನು "ಸೋಲಾರ್ ಹಾಕಿಸಿ" ಅನ್ನುವವರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ಜುಲೈನಲ್ಲಿ ನಮ್ಮ ಸೂರ್ಯ ರಜೆ ಹಾಕಿರುತ್ತಾನೆ. ಪ್ಯಾನೆಲ್ ಮೇಲೆ ಪಾಚಿ ಬೆಳೆಸುವುದಾ?

"200 ಯೂನಿಟ್ ಫ್ರೀ ಇದೆಯಲ್ಲ, ಇನ್ನೇನು ಬೇಕು?" 2023ರಲ್ಲಿ ಗೃಹಜ್ಯೋತಿ ಬಂತು, ಖುಷಿ. ಬಿಲ್ಲೂ ಸೊನ್ನೆ, ಮಳೆಗಾಲದಲ್ಲಿ ಕರೆಂಟೂ ಸೊನ್ನೆ. ಲೆಕ್ಕ ಸರಿಹೋಯಿತು.

ಆಮೇಲೆ ಸ್ಮಾರ್ಟ್ ಮೀಟರ್ ಭಕ್ತರು. ಕೇಂದ್ರ 2021ರಲ್ಲಿ ವಿತರಣೆ ಸುಧಾರಿಸಲು ಮೂರು ಲಕ್ಷ ಕೋಟಿ ಮೀರಿದ ಯೋಜನೆ ತಂದಿತು. ಅದರಲ್ಲಿ ದೇಶಕ್ಕೆಲ್ಲ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವ ಗುರಿ ಇದೆ. ಹಳೇ ತಂತಿ ಬದಲಿಸುವುದು, ಕೃಷಿ ಪಂಪಿನ ಫೀಡರ್ ಬೇರೆ ಮಾಡುವುದೂ ಅದರಲ್ಲೇ ಇದೆ. ಯಾವ ಟಿವಿ ಚರ್ಚೆಯಲ್ಲಾದರೂ ತಂತಿ ಅನ್ನುವ ಪದ ಕೇಳಿದ್ದೀರಾ? ಎಲ್ಲರ ಬಾಯಲ್ಲೂ ಮೀಟರ್, ಮೀಟರ್. ಸೋರುವ ಮಾಡಿಗೆ ಹೆಂಚು ಹೊದಿಸುವುದು ಬಿಟ್ಟು, ಕೆಳಗಿಟ್ಟ ಬಕೆಟಿಗೆ ಗೆರೆ ಹಾಕಿ "ಎಷ್ಟು ಸೋರಿತು ನೋಡಿ" ಅಂದ ಹಾಗೆ. ತಂತಿ ಸ್ವಾಮಿ, ತಂತಿ!

ಅಂದ ಹಾಗೆ, ಅಮ್ಮನ ಅಪ್ಪೆಮಿಡಿ ಉಪ್ಪಿನಕಾಯಿ ಈ ವರ್ಷವೂ ಇದೆ. ಬೇಕಾದವರು ಕೆಳಗೆ "ಮಿಡಿ" ಅಂತ ಬರೆಯಿರಿ. ಅದನ್ನು ಮಾಡಲು ಕರೆಂಟ್ ಬೇಡ, ಹಾಗಾಗಿ ತಡವಾಗುವುದಿಲ್ಲ. ಸಬ್‌ಸ್ಕ್ರೈಬ್ ಒತ್ತಿ, ಗಂಟೆಯನ್ನೂ ಒತ್ತಿ.

ಎಲ್ಲಿದ್ದೆ? ಹಾಂ, ಒಬ್ಬರು "ಪೂರ್ತಿ ಅಂಡರ್‌ಗ್ರೌಂಡ್ ಮಾಡಿಸಿ" ಅಂದಿದ್ದಾರೆ. ಜಂಬಿಟ್ಟಿಗೆ ಅಗೆದು, ಹಳ್ಳದ ಅಡಿಯಲ್ಲಿ ತೂರಿಸಿ, ಒಂದೊಂದೇ ಮನೆಗೆ? ಇವರಿಗೆ ನಾನು ಉತ್ತರ ಕೊಡುವುದಿಲ್ಲ. ಬರೆದುಕೊಂಡ ಚೀಟಿಯೂ ಮುಗಿಯಿತು, ಕೊನೆಯಲ್ಲಿ "ತಂತಿ" ಅಂತ ಬರೆದು ಎರಡು ಗೆರೆ ಎಳೆದಿದ್ದೇನೆ, ಅಷ್ಟೇ.

ಆ ಕಾಮೆಂಟ್ ಹಾಕಿದ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಬರುವ ಜುಲೈನಲ್ಲಿ ನಮ್ಮನೆಗೆ ಬನ್ನಿ. ಬಿಸಿ ಬಿಸಿ ಕೊಟ್ಟೆ ಕಡುಬು ಹಾಕುತ್ತೇವೆ. ಮಿಕ್ಸಿ ತಿರುಗಿದರೆ ಚಟ್ನಿಯೂ ಇರುತ್ತದೆ.