ಹಳೆಯ ಪ್ಯೂಜೋ, ಬಲಗಡೆಯ ಕಪ್

ಕೇಳುಗರಿಗೆಲ್ಲ ನಮಸ್ಕಾರ.

ತಿಪಟೂರಿನಲ್ಲಿ ನನ್ನ ಸೋದರಮಾವನ ಸೈಕಲ್ ಶಾಪ್ ಇತ್ತು. ಬೇಸಿಗೆ ರಜೆ ಬಂದರೆ ನಾನು ಅಲ್ಲೇ ಇರುತ್ತಿದ್ದೆ. ಪಂಕ್ಚರ್ ಹಾಕುವುದು, ಹಬ್ ಬಿಚ್ಚಿ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಕಾಟರ್ ಪಿನ್ ಹೊಡೆಯುವುದು, ಎಲ್ಲ ಅಲ್ಲೇ ಕಲಿತೆ. ಓವರಾಲಿಂಗ್‌ಗೆ ಬಂದ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಮಾವ ಒಂದು ಮಾತು ಹೇಳುತ್ತಿದ್ದರು. "ಚೈನ್ ಕಡೆ ಕಪ್ ಉಲ್ಟಾ ಥ್ರೆಡ್ ಕಣೋ, ಬಿಚ್ಚೋಕೆ ಗಡಿಯಾರದ ಮುಳ್ಳು ಹೋಗೋ ಕಡೆಗೇ ತಿರುಗಿಸು." ಪೆಡಲ್‌ಗಳ ನಡುವಿನ ಅಚ್ಚು ಕೂರುತ್ತದಲ್ಲ, ಅದರ ಎರಡೂ ತುದಿಗೆ ಇರುವ ಉಕ್ಕಿನ ಬಟ್ಟಲುಗಳೇ ಈ ಕಪ್‌ಗಳು.

ಎಷ್ಟೋ ವರ್ಷ ಆದ ಮೇಲೆ, ಫ್ರಾನ್ಸಿನ ತುಲೂಸ್‌ನಲ್ಲಿ, ಅದೇ ಮಾತನ್ನು ನಂಬಿಕೊಂಡು ಒಂದು ಹಳೆಯ ಪ್ಯೂಜೋ ಸೈಕಲ್‌ನ ಬಲಗಡೆಯ ಕಪ್‌ಗೆ ಸ್ಪ್ಯಾನರ್ ಹಾಕಿ ಮುಕ್ಕಾಲು ಗಂಟೆ ಒದ್ದಾಡಿದೆ. ಎಣ್ಣೆ ಬಿಟ್ಟೆ, ಕಾಯಿಸಿದೆ, ಸ್ಪ್ಯಾನರ್‌ಗೆ ಉದ್ದದ ಪೈಪು ಸಿಕ್ಕಿಸಿ ಮೈಭಾರ ಎಲ್ಲ ಹಾಕಿದೆ. ಕಪ್ ಅಲ್ಲಾಡಲಿಲ್ಲ. ನಾನು ಬಿಚ್ಚುತ್ತಿರಲಿಲ್ಲ, ಇನ್ನಷ್ಟು ಬಿಗಿ ಮಾಡುತ್ತಿದ್ದೆ. ಹಳೆಯ ಫ್ರೆಂಚ್ ಸೈಕಲ್‌ನಲ್ಲಿ ಎರಡೂ ಕಡೆಯ ಕಪ್‌ಗಳದು ಸಾಮಾನ್ಯ ಥ್ರೆಡ್. ಬಲಗಡೆಯದೂ ಎಡಕ್ಕೇ ತಿರುಗಿ ಬಿಚ್ಚಿಕೊಳ್ಳುತ್ತದೆ.

ಮಾವನ ಪಾಠ ಸರಿಯಾಗಿಯೇ ಇತ್ತು. ನಮ್ಮ ಕಪ್ಪು ಸೈಕಲ್‌ಗಳು ಬ್ರಿಟಿಷ್ ಅಳತೆಯವು. ಆ ಅಳತೆಯಲ್ಲಿ ಬಲಗಡೆ ಉಲ್ಟಾ ಥ್ರೆಡ್ ಇಟ್ಟದ್ದಕ್ಕೂ ಕಾರಣ ಇದೆ. ಪೆಡಲ್ ತುಳಿದಾಗ ಅಚ್ಚಿನ ಸುತ್ತ ಉರುಳುವ ಗುಂಡುಗಳು ಕಪ್ಪನ್ನು ಅಚ್ಚು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸ್ವಲ್ಪ ಸ್ವಲ್ಪವೇ ಎಳೆಯುತ್ತವೆ. ಉಲ್ಟಾ ಥ್ರೆಡ್ ಇದ್ದರೆ ಆ ಎಳೆತದಿಂದ ಕಪ್ ಬಿಗಿಯಾಗುತ್ತದೆ. ಫ್ರೆಂಚರು ಆ ಗೊಡವೆಗೆ ಹೋಗದೆ, ಬಲಗಡೆಯ ಕಪ್ಪನ್ನು ಕೂರಿಸುವಾಗಲೇ ಚೆನ್ನಾಗಿ ಬಿಗಿದುಬಿಡುತ್ತಿದ್ದರು. ಐವತ್ತು ವರ್ಷದ ತುಕ್ಕು ಆ ಬಿಗಿಗೆ ಸೇರಿಕೊಂಡರೆ ಕೇಳಬೇಕೇ? ಕೊನೆಗೆ ಒಂದು ದಪ್ಪ ಬೋಲ್ಟನ್ನು ಕಪ್‌ನ ತೂತಿನೊಳಗೆ ತೂರಿಸಿ, ಎರಡೂ ಕಡೆ ವಾಷರ್ ಕೊಟ್ಟು ನಟ್ಟಿನಿಂದ ಬಿಗಿದು, ಬೋಲ್ಟ್ ಸಮೇತ ಕಪ್ಪನ್ನು ಎಡಕ್ಕೆ ತಿರುಗಿಸಿದೆ. ಟಕ್ ಅಂತ ಒಂದು ಸದ್ದು ಬಂತು, ಕಪ್ ಬಿಚ್ಚಿಕೊಂಡಿತು.

ಈಗ ಆ ಸೈಕಲ್ ಬಗ್ಗೆ ಹೇಳುತ್ತೇನೆ. ಫ್ರಾನ್ಸಿನ ಊರೂರುಗಳಲ್ಲಿ ಜನ ಅಟ್ಟದ ಮೇಲಿನ ಹಳೆಯ ಸಾಮಾನು ತಂದು ಬೀದಿಯಲ್ಲಿ ಹರಡಿ ಮಾರುವ ಸಂತೆ ನಡೆಯುತ್ತದೆ, ಅದಕ್ಕೆ ವಿದ್-ಗ್ರೆನಿಯೇ ಅನ್ನುತ್ತಾರೆ. ಅಂಥ ಒಂದು ಸಂತೆಯಲ್ಲಿ 80 ಯೂರೋ ಕೊಟ್ಟು ತಂದದ್ದು. ಪ್ಯೂಜೋ ಪಿ.ಎಕ್ಸ್. 10, 1970ರ ದಶಕದ ಮೊದಲ ವರ್ಷಗಳದ್ದು. ಬಿಳಿ ಬಣ್ಣ, ಕೊಳವೆಗಳು ಸೇರುವ ಕಡೆ ಕಪ್ಪು ಬಣ್ಣ, ಮುಂದಿನ ಚಕ್ರ ಹಿಡಿಯುವ ಫೋರ್ಕಿನ ತುದಿಗೆ ಕ್ರೋಮ್. ಪ್ಯೂಜೋ ತಂಡದ ಬಿಳಿ ಜರ್ಸಿಯ ಮೇಲೆ ಕಪ್ಪು ಚೌಕಗಳ ಪಟ್ಟಿ ಇರುತ್ತಿತ್ತು. ಬೆಲ್ಜಿಯಂನ ಓಟಗಾರ ಎಡ್ಡಿ ಮರ್ಕ್ಸ್ ಹುಡುಗನಾಗಿದ್ದಾಗ, 1966ರಲ್ಲಿ, ಮಿಲಾನ್-ಸಾನ್ ರೆಮೊ ಓಟವನ್ನು ಮೊದಲ ಸಲ ಗೆದ್ದದ್ದು ಆ ಜರ್ಸಿ ತೊಟ್ಟೇ. ಬೆರ್ನಾರ್ ತೆವೆನೆ 1975 ಮತ್ತು 1977ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದದ್ದೂ ಅದೇ ತಂಡಕ್ಕೆ. ಆ ಕಾಲದಲ್ಲಿ ಊರಿನ ಹುಡುಗರು ಅಂಗಡಿಗೆ ಹೋಗಿ ಕೊಳ್ಳಬಹುದಾಗಿದ್ದ ರೇಸ್ ಸೈಕಲ್ ಇದು.

ನಾನು ತಂದಾಗ ಅದಕ್ಕೆ ಸೀಟೇ ಇರಲಿಲ್ಲ. ಗೇರ್ ಬದಲಿಸಲು ಚೈನನ್ನು ಅತ್ತಿತ್ತ ಸರಿಸುವ ಹಿಂದಿನ ಡಿರೇಲರ್ ಮುರಿದಿತ್ತು. ಯಾರೋ ಹೊಸ ಪೆಡಲ್‌ಗಳನ್ನು ಬಲವಂತವಾಗಿ ತಿರುಗಿಸಿ ಹಾಕಿದ್ದರು. ಅದನ್ನು ನೋಡಿ ಹೊಟ್ಟೆ ಉರಿಯಿತು. ಫ್ರೆಂಚ್ ಪೆಡಲ್‌ನ ಅಚ್ಚು 14 ಮಿಲಿಮೀಟರ್, ಬ್ರಿಟಿಷ್ ಅಳತೆಯದು 9/16 ಇಂಚು, ಅಂದರೆ 14.3 ಮಿಲಿಮೀಟರ್ ಹತ್ತಿರ. ಆ ಸಣ್ಣ ವ್ಯತ್ಯಾಸ ಅಲ್ಯೂಮಿನಿಯಂ ಕ್ರ್ಯಾಂಕ್‌ನ, ಅಂದರೆ ಪೆಡಲ್ ಕೂರುವ ತೋಳಿನ, ಥ್ರೆಡ್ಡನ್ನು ಸಿಗಿದುಹಾಕಿತ್ತು.

ಹಳೆಯ ಫ್ರೆಂಚ್ ಸೈಕಲ್‌ನಲ್ಲಿ ಎಲ್ಲವೂ ಹೀಗೇ. ನೋಡಲು ಎಲ್ಲ ಒಂದೇ ಥರ, ಅಳೆದರೆ ಮಾತ್ರ ಬೇರೆ. ಫೋರ್ಕಿನ ಮೇಲ್ಗಡೆಯ ಥ್ರೆಡ್ 25 ಮಿಲಿಮೀಟರ್, ಬ್ರಿಟಿಷ್‌ನದು 25.4. ಫ್ರೆಂಚ್ ಥ್ರೆಡ್‌ನ ಒಂದು ಸುತ್ತಿಗೂ ಇನ್ನೊಂದಕ್ಕೂ ಸರಿಯಾಗಿ ಒಂದು ಮಿಲಿಮೀಟರ್ ಅಂತರ, ಬ್ರಿಟಿಷ್‌ನಲ್ಲಿ ಇಂಚಿಗೆ 24 ಸುತ್ತು, ಅಂದರೆ 1.058 ಮಿಲಿಮೀಟರ್. ಎರಡೂ ತೀರಾ ಹತ್ತಿರ, ಆದ್ದರಿಂದಲೇ ಜನ ಮೋಸ ಹೋಗುವುದು. ತಪ್ಪು ನಟ್ ಕೂಡ ಒಂದೆರಡು ಸುತ್ತು ಒಳಗೆ ಹೋದ ಹಾಗೆ ಅನಿಸುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ, ಅಲ್ಲಿ ಇನ್ನೂ ಬಲ ಹಾಕಿದರೆ ಫೋರ್ಕ್ ಹಾಳು. ಕಪ್‌ಗಳದು 35 ಮಿಲಿಮೀಟರ್, ಒಂದು ಮಿಲಿಮೀಟರ್ ಥ್ರೆಡ್. ಫ್ರೀವೀಲ್ 34.7. ಸೀಟಿನ ಕೆಳಗಿನ ಕೊಳವೆಯ ಹೊರವ್ಯಾಸ 28 ಮಿಲಿಮೀಟರ್, ಬ್ರಿಟಿಷ್ ಫ್ರೇಮ್‌ನಲ್ಲಾದರೆ 28.6. ನನ್ನ ಸೈಕಲ್‌ನ ಕೊಳವೆಗಳು ಇಂಗ್ಲೆಂಡಿನ ರೆನಾಲ್ಡ್ಸ್ 531, ಆದರೂ ಫ್ರೆಂಚ್ ಅಳತೆಯವು. ಫ್ರಾನ್ಸಿಗೆಂದೇ ಅವರು ಮೆಟ್ರಿಕ್ ಅಳತೆಯಲ್ಲಿ ಕೊಳವೆ ಮಾಡಿಕೊಡುತ್ತಿದ್ದರು.

ಇನ್ನೊಂದು ತೊಡಕು ಇದೆ. ಮೋಟೋಬೆಕಾನ್ ಅನ್ನುವ ಇನ್ನೊಂದು ಫ್ರೆಂಚ್ ಕಂಪನಿಯ ಕೆಲವು ಸೈಕಲ್‌ಗಳಲ್ಲಿ, ಮುಖ್ಯವಾಗಿ 1970ರ ದಶಕದ ಕೊನೆಯವುಗಳಲ್ಲಿ, ಸ್ವಿಸ್ ಥ್ರೆಡ್ ಇರುತ್ತದೆ. ಅದೂ 35 ಮಿಲಿಮೀಟರೇ, ಆದರೆ ಬಲಗಡೆ ಉಲ್ಟಾ. ಅಲ್ಲಿ ಮಾವನ ಪಾಠವೇ ಸರಿ! ಅದಕ್ಕೇ ಹೇಳುವುದು, ಮೊದಲು ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ಥ್ರೆಡ್ ಗೇಜ್ ಕೊಳ್ಳಿ. ಬಿಡಿಭಾಗ ಕೊಳ್ಳುವುದು ಆಮೇಲೆ.

ಸರಿ, ಯಾವ ಭಾಗ ಹಾಕಬೇಕು? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಹಳೆಯ ಸೈಕಲ್ ಸಿಕ್ಕ ಕೂಡಲೇ ಆ ಕಾಲದ ಅತಿ ದುಬಾರಿ ಇಟಾಲಿಯನ್ ಸಾಮಾನು ಹುಡುಕಿ ಹಾಕುವವರು ತುಂಬ ಇದ್ದಾರೆ. ಆ ಸಾಮಾನು ಚೆನ್ನಾಗಿಯೇ ಇರುತ್ತದೆ. ಆದರೆ ಆ ಸೈಕಲ್ ಹುಟ್ಟಿದ್ದು ಬೇರೆ ಸಾಮಾನಿನ ಜೊತೆ. ಆ ವರ್ಷದ ಕ್ಯಾಟಲಾಗ್ ತೆಗೆದು ನೋಡಿ, ಯಾವ ದರ್ಜೆಯ ಸೈಕಲ್‌ಗೆ ಯಾವ ಕ್ರ್ಯಾಂಕ್, ಯಾವ ಬ್ರೇಕ್ ಕೊಟ್ಟಿದ್ದರು ಅಂತ ಬರೆದಿರುತ್ತದೆ. ದಾನಿಯೆಲ್ ರೆಬೂರ್ ಎಂಬ ಕಲಾವಿದ ಆ ಕಾಲದ ಪತ್ರಿಕೆಗಳಿಗೂ ಕ್ಯಾಟಲಾಗ್‌ಗಳಿಗೂ ಬರೆದ ರೇಖಾಚಿತ್ರಗಳಿವೆ. ಒಂದು ಸ್ಕ್ರೂ ಎಲ್ಲಿ ಕೂರುತ್ತದೆ ಅನ್ನುವುದೂ ಅವುಗಳಲ್ಲಿ ಕಾಣುತ್ತದೆ. ನಾನು ಬ್ರೇಕ್ ಜೋಡಿಸುವಾಗ ಒಂದು ವಾಷರ್‌ನ ಜಾಗ ತಿಳಿಯದೆ ಕೂತಿದ್ದೆ, ಅದಕ್ಕೆ ಉತ್ತರ ಸಿಕ್ಕಿದ್ದು ಅವರ ಚಿತ್ರದಲ್ಲೇ.

ಪ್ಯಾರಿಸ್ ಪಕ್ಕದ ಲೆವಾಲ್ವಾದಲ್ಲಿ ರೆನೆ ಎರ್ಸ್, ಅಲೆಕ್ಸ್ ಸಿಂಗರ್ ಅಂತ ಇಬ್ಬರು ಕೈಕೆಲಸದ ದೊಡ್ಡ ತಯಾರಕರಿದ್ದರು. ಎರ್ಸ್ ಕ್ರ್ಯಾಂಕ್, ಬ್ರೇಕ್, ಸ್ಟೆಮ್‌ಗಳನ್ನು ತಾವೇ ಮಾಡುತ್ತಿದ್ದರು. ಲೈಟು, ಮಡ್‌ಗಾರ್ಡ್, ಕ್ಯಾರಿಯರ್ ಎಲ್ಲವನ್ನೂ ಸೈಕಲ್ ಜೊತೆಗೇ ಯೋಚಿಸಿ ಮಾಡಿದವರು ಅವರು. ಅಂಥ ಸೈಕಲ್ ಕೈಗೆ ಸಿಕ್ಕರೆ ಏನನ್ನೂ ಬದಲಿಸಬೇಡಿ. ನನ್ನದು ಕಾರ್ಖಾನೆಯ ಸೈಕಲ್, ಅಲ್ಲಿ ಸ್ವಲ್ಪ ಸ್ವಾತಂತ್ರ್ಯ ಇದೆ.

ಆ ಸ್ವಾತಂತ್ರ್ಯವನ್ನು ನಾನು ಬಳಸಿಕೊಂಡದ್ದು ಕ್ರ್ಯಾಂಕ್ ವಿಷಯದಲ್ಲಿ. ಪಿ.ಎಕ್ಸ್. 10ಕ್ಕೆ ಆಗ ಸ್ಟ್ರಾಂಗ್‌ಲೈಟ್ 93 ಅನ್ನುವ ಕ್ರ್ಯಾಂಕ್ ಬರುತ್ತಿತ್ತು, ನೋಡಲು ಬಹಳ ಚೆಂದ. ಆದರೆ ಅದಕ್ಕೆ ತೀರಾ ಸಣ್ಣ ಹಲ್ಲುಚಕ್ರ ಹಾಕಲು ಆಗುವುದಿಲ್ಲ. ನಾನು ಓಡಿಸುವುದು ಪಿರನೀಸ್ ಬೆಟ್ಟಗಳಲ್ಲಿ, ತೂರ್ಮಲೆ ಘಾಟಿಯ ತುದಿ 2,115 ಮೀಟರ್ ಎತ್ತರದಲ್ಲಿದೆ. ನನ್ನ ಕಾಲಿಗೆ ಸುಲಭದ ಗೇರ್ ಬೇಕೇ ಬೇಕು. ಹಾಗಾಗಿ ಟಿ.ಎ. ಕಂಪನಿಯ ಐದು ಸ್ಕ್ರೂಗಳ ಕ್ರ್ಯಾಂಕ್ ಹುಡುಕಿದೆ. ಅದಕ್ಕೆ 26 ಹಲ್ಲಿನ ಸಣ್ಣ ಚಕ್ರವೂ ಕೂರುತ್ತದೆ. ಅದೂ ಫ್ರೆಂಚೇ, ಅದೇ ಕಾಲದ್ದೇ. ದೂರ ಪ್ರವಾಸ ಹೋಗುವ ಫ್ರೆಂಚ್ ಸವಾರರು ಆಗಲೂ ಅದನ್ನೇ ಹಾಕಿಸಿಕೊಳ್ಳುತ್ತಿದ್ದರು. ಹಳೆಯ ಕ್ರ್ಯಾಂಕ್ ಪೆಟ್ಟಿಗೆಯಲ್ಲಿದೆ, ಬಿಸಾಡಿಲ್ಲ.

ಕ್ರ್ಯಾಂಕ್ ಎಳೆದು ತೆಗೆಯುವ ಪುಲ್ಲರ್ ಬಗ್ಗೆಯೂ ಹೇಳಲೇಬೇಕು. ಇವತ್ತು ಎಲ್ಲ ಕಡೆ ಸಿಗುವ ಪುಲ್ಲರ್ 22 ಮಿಲಿಮೀಟರ್. ಟಿ.ಎ.ಗೆ 23 ಬೇಕು. ಹಳೆಯ ಸ್ಟ್ರಾಂಗ್‌ಲೈಟ್‌ಗೆ 23.35. ಹತ್ತಿರ ಇದೆಯಲ್ಲ ಅಂತ 22ರದ್ದನ್ನೇ ಹಾಕಿ ಎಳೆದರೆ ಕ್ರ್ಯಾಂಕ್‌ನ ಒಳಗಿನ ಥ್ರೆಡ್ ಕಿತ್ತುಹೋಗುತ್ತದೆ, ಆಮೇಲೆ ಅದನ್ನು ತೆಗೆಯಲು ದಾರಿಯೇ ಕಷ್ಟ. ಈ ಒಂದು ತಪ್ಪಿಗೆ ಸಿಕ್ಕಿ ಸತ್ತ ಒಳ್ಳೆಯ ಕ್ರ್ಯಾಂಕ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಡಿರೇಲರ್ ಕಥೆ ಬೇರೆ. ದಿಜೋಂ ಊರಿನ ಲೂಸಿಯೆನ್ ಜ್ವಿ ಕಟ್ಟಿದ ಸಿಂಪ್ಲೆಕ್ಸ್ ಕಂಪನಿ 1960ರ ದಶಕದಲ್ಲಿ ಡೆಲ್ರಿನ್ ಅನ್ನುವ ಪ್ಲಾಸ್ಟಿಕ್‌ನಿಂದ ಡಿರೇಲರ್ ಮಾಡಿತು. ಆಗ ಅದು ಹಗುರ, ಅಗ್ಗ, ಸದ್ದಿಲ್ಲದ ಹೊಸ ವಸ್ತು. ದಶಕಗಳು ಕಳೆದ ಮೇಲೆ ಆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಗೋಡೆಗೆ ನೇತುಹಾಕುವ ಸೈಕಲ್‌ಗೆ ಅದು ಸಾಕು, ಘಾಟಿ ಇಳಿಯುವ ಸೈಕಲ್‌ಗೆ ಬೇಡ. ನನಗೆ ಬೇರೆ ಕಂಪನಿಯ ಡಿರೇಲರ್ ಹಾಕುವಂತೆ ತುಂಬ ಜನ ಹೇಳಿದರು. ಆದರೆ ಅದಕ್ಕೆ ಫ್ರೇಮ್‌ನ ಹಿಂದಿನ ಕಿವಿಯಲ್ಲಿರುವ ತೂತನ್ನು ಕೊರೆದು ಹೊಸ ಥ್ರೆಡ್ ಹಾಕಬೇಕು. ಒಮ್ಮೆ ಕೊರೆದರೆ ಹಿಂದಕ್ಕೆ ಹೋಗಲಾಗದು. ಫ್ರೇಮ್ ಕೊರೆಯಲು ನಾನು ಒಪ್ಪುವುದಿಲ್ಲ. ಅದೇ ಸಿಂಪ್ಲೆಕ್ಸ್ 1970ರ ದಶಕದಲ್ಲಿ ಲೋಹದ ಸೂಪರ್ ಎಲ್.ಜೆ. ಡಿರೇಲರ್ ಮಾಡಿತ್ತು, ಎಲ್.ಜೆ. ಅಂದರೆ ಲೂಸಿಯೆನ್ ಜ್ವಿ. ಎಂಟು ತಿಂಗಳು ಕಾದೆ, ಸಿಕ್ಕಿತು.

ಬ್ರೇಕ್ ಮಾತ್ರ ಮೂಲದ್ದೇ ಇದೆ. ಕ್ಲೆರ್ಮೋಂ-ಫೆರಾಂನ ಮಾಫಾಕ್, ನಡುವಿನಿಂದ ಕೇಬಲ್ ಎಳೆಯುವ ಬ್ರೇಕ್. ಇವು ಕೀರಲು ದನಿಯಲ್ಲಿ ಕಿರುಚುತ್ತವೆ ಅಂತ ಎಲ್ಲರೂ ದೂರುತ್ತಾರೆ. ಬ್ರೇಕ್ ರಬ್ಬರ್‌ನ ಮುಂದಿನ ತುದಿ ರಿಮ್‌ಗೆ ಮೊದಲು ತಾಗುವ ಹಾಗೆ ಸ್ವಲ್ಪ ಓರೆ ಮಾಡಿ, ಹೊಸ ರಬ್ಬರ್ ಹಾಕಿ. ಈ ಬ್ರೇಕ್‌ನಲ್ಲಿ ರಬ್ಬರನ್ನು ಬೇಕಾದ ಕಡೆ ಹೊರಳಿಸಿ ಬಿಗಿಯಬಹುದು, ಅದೇ ಇದರ ದೊಡ್ಡ ಗುಣ. ನನ್ನದು ಈಗ ಕಿರುಚುವುದಿಲ್ಲ.

ಜೀವಕ್ಕೆ ಅಪಾಯ ಇರುವ ಭಾಗದಲ್ಲಿ ಮಾತ್ರ ಹಳೆಯದು ಅನ್ನುವ ಮೋಹ ಬೇಡವೇ ಬೇಡ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಹೊರಗೆ ತೆಗೆದು, ಒರೆಸಿ, ಕೆಳಗಿನ ಸೀಳಿನ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ ನೋಡಿ. ಇದ್ದರೆ ಅದು ಮತ್ತೆ ಸೈಕಲ್ ಹತ್ತಬಾರದು. ಫ್ರೆಂಚ್ ಸ್ಟೆಮ್ 22.0 ಮಿಲಿಮೀಟರ್, ಬೇರೆಯವು 22.2. ಫ್ರೆಂಚ್ ಅಳತೆಯದು ಸಿಗದಿದ್ದರೆ 22.2ರ ಸ್ಟೆಮ್ಮನ್ನೇ ಮರಳುಕಾಗದದಲ್ಲಿ ನಿಧಾನವಾಗಿ ಉಜ್ಜಿ ಇಳಿಸಬಹುದು. ಸ್ಟೆಮ್ಮನ್ನು ಉಜ್ಜಿ, ಫೋರ್ಕಿನ ಒಳಗೆ ಉಜ್ಜಬೇಡಿ.

ಚಕ್ರಕ್ಕೆ ಆಗ ರಿಮ್‌ಗೆ ಅಂಟಿಸುವ ಟಯರ್ ಬರುತ್ತಿತ್ತು. ನಾನು ಅದನ್ನು ಬಿಟ್ಟು 700ಸಿ ರಿಮ್ ಕಟ್ಟಿಸಿಕೊಂಡೆ. ಸುತ್ತಳತೆ ಹೆಚ್ಚುಕಡಿಮೆ ಅದೇ, ಬ್ರೇಕ್ ಸರಿಯಾಗಿ ತಾಗುತ್ತದೆ, ಪಂಕ್ಚರ್ ಆದರೆ ದಾರಿಯಲ್ಲೇ ಕೂತು ಹಾಕಬಹುದು.

ಬಣ್ಣ ಹೊಡೆಸಲಿಲ್ಲ. ಹೊಸ ಬಣ್ಣ ಹೊಡೆದರೆ ಆ ಕಾಲದ ಅಕ್ಷರಗಳು, ಸ್ಟಿಕ್ಕರ್‌ಗಳು, ಯಾರದೋ ಮೊಣಕಾಲು ಉಜ್ಜಿ ಸವೆದ ಗುರುತು, ಎಲ್ಲ ಹೋಗುತ್ತದೆ. ಕ್ರೋಮ್ ಮೇಲಿನ ತುಕ್ಕನ್ನು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿದೆ, ಸುಮ್ನೆ ಹಾಗೇ ಬಿಟ್ಟುಕೊಟ್ಟಿತು. ಬಣ್ಣಕ್ಕೆ ಸೋಪು ನೀರು, ಆಮೇಲೆ ಮೇಣ. ಅಷ್ಟೇ.

ಕೊನೆಯಲ್ಲಿ ಉಳಿದದ್ದು ಪೆಡಲ್. ಪಾದವನ್ನು ಪೆಡಲ್ ಮೇಲೆ ಹಿಡಿದಿಡುವ ಟೋ ಕ್ಲಿಪ್‌ಗೆ ಕ್ರಿಸ್ತೋಫ್ ಹೆಸರಿನದೇ ಬೇಕು ಅಂತ ನನಗೆ ಆಸೆ. ಯಾಕೆ ಗೊತ್ತಾ? 1913ರ ಟೂರ್‌ನಲ್ಲಿ ಅಜೆನ್ ಕ್ರಿಸ್ತೋಫ್ ಅವರ ಫೋರ್ಕ್ ಮುರಿದದ್ದು ಇದೇ ತೂರ್ಮಲೆಯ ಇಳಿಜಾರಿನಲ್ಲಿ. ಸೈಕಲ್ ಹೊತ್ತುಕೊಂಡು ಕಾಲ್ನಡಿಗೆಯಲ್ಲಿ ಸೇಂತ್-ಮಾರಿ-ದ-ಕಾಂಪಾನ್ ಹಳ್ಳಿಗೆ ಇಳಿದು, ಅಲ್ಲಿನ ಕುಲುಮೆಯಲ್ಲಿ ತಾವೇ ಫೋರ್ಕ್ ಬೆಸೆದರು. ಬೇರೆಯವರ ಸಹಾಯ ಪಡೆಯಬಾರದು ಅನ್ನುವುದು ನಿಯಮ. ಒಬ್ಬ ಹುಡುಗ ತಿದಿ ಊದಿದ್ದಕ್ಕೆ ಅವರಿಗೆ ದಂಡ ಬಿತ್ತು. ನಾನು ಆ ಹಳ್ಳಿ ದಾಟುವಾಗ ಪ್ರತಿ ಸಲವೂ ಇಳಿದು ನಿಲ್ಲುತ್ತೇನೆ.

ಕ್ರಿಸ್ತೋಫ್ ಕ್ಲಿಪ್ ಸಿಕ್ಕಿವೆ. ಪೆಡಲ್ ಲಿಯೋತಾರ್ ಕಂಪನಿಯದು, ಅದರಲ್ಲಿ ಒಂದೇ ಸಿಕ್ಕಿದೆ. ಫ್ರೆಂಚ್ ಪೆಡಲ್‌ನ ಅಚ್ಚಿನ ಮೇಲೆ ಬಲಕ್ಕೆ ಡಿ, ಎಡಕ್ಕೆ ಜಿ ಅಂತ ಕೊರೆದಿರುತ್ತಾರೆ, ದ್ರುವಾತ್ ಮತ್ತು ಗೋಶ್ ಅನ್ನುವ ಫ್ರೆಂಚ್ ಮಾತುಗಳ ಮೊದಲ ಅಕ್ಷರ. ನನ್ನ ಹತ್ತಿರ ಇರುವುದು ಜಿ. ಹೊಸ ಕ್ರ್ಯಾಂಕ್ ಫ್ರೆಂಚ್ ಥ್ರೆಡ್‌ನದೇ, ಆದ್ದರಿಂದ ಸದ್ಯಕ್ಕೆ ಬಲಗಡೆ ಬೇರೊಂದು 14 ಮಿಲಿಮೀಟರ್ ಪೆಡಲ್ ಹಾಕಿ ಓಡಿಸುತ್ತಿದ್ದೇನೆ. ಮುಂದಿನ ಭಾನುವಾರ ತುಲೂಸ್ ಪಕ್ಕದ ಹಳ್ಳಿಯಲ್ಲಿ ಮತ್ತೆ ಅಟ್ಟದ ಸಂತೆ ಇದೆ. ಜೇಬಿನಲ್ಲಿ ಕ್ಯಾಲಿಪರ್ ಇಟ್ಟುಕೊಂಡು ಬೆಳಗ್ಗೆ ಬೇಗ ಹೋಗುತ್ತೇನೆ.

ನಮಸ್ಕಾರ.