ಕಲೆಕ್ಟರ್ ರಜೆಯ ಲಿಂಕ್ ಒತ್ತಿದರೆ 1987ರ ಹಾಡು ಯಾಕೆ ಬಂತು?

[ಶುರುವಿನಲ್ಲಿ ಮಳೆಯ ಶಬ್ದ ಮಾತ್ರ. ಕತ್ತಲೆ. ಫೋನಿನ ಬೆಳಕು.]

ಜುಲೈ ತಿಂಗಳು, ರಾತ್ರಿ ಒಂಬತ್ತೂವರೆ. ಬದಿಯಡ್ಕದ ನಮ್ಮ ಮನೆಯ ಹಂಚಿನ ಮೇಲೆ ಮಳೆ ಬಡಿಯುತ್ತಿತ್ತು. ಇಂಥ ರಾತ್ರಿ ಕಾಸರಗೋಡಿನಲ್ಲಿ ಮಕ್ಕಳಿರುವ ಎಲ್ಲ ಮನೆಗಳಲ್ಲೂ ಒಂದೇ ಪ್ರಶ್ನೆ. ಕಲೆಕ್ಟರ್ ರಜೆ ಕೊಟ್ಟರಾ?

ಮಂಗಳೂರಿನವರು ಇದನ್ನೇ ಡಿಸಿ ರಜೆ ಅನ್ನುತ್ತಾರೆ. ಮಳೆ ಒಂದೇ, ರಜೆ ಬೇರೆ ಬೇರೆ. ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆ ರಜೆ, ಈಚೆ ಶಾಲೆ ಅಂತಾದ ದಿನ ನಮ್ಮ ಮಕ್ಕಳ ಮುಖ ನೋಡಬೇಕು ನೀವು.

ಆಗ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಅಕ್ಕನ ಮಗನ ಮೆಸೇಜ್ ಬಂತು. ಎಂಟನೇ ಕ್ಲಾಸಿನ ಹುಡುಗ. "ನಾಳೆ ರಜೆ! ಕಲೆಕ್ಟರ್ ಆರ್ಡರ್ ಇಲ್ಲಿದೆ ನೋಡಿ." ಕೆಳಗೆ ಒಂದು ಲಿಂಕ್.

ಒತ್ತಿದೆ. ಡ್ರಮ್ಮಿನ ಒಂದು ಉರುಳು. ಉದ್ದ ಕೋಟು ಹಾಕಿದ ಕೆಂಚು ಕೂದಲಿನ ಹುಡುಗನೊಬ್ಬ ಸೊಂಟ ಅತ್ತಿತ್ತ ಆಡಿಸುತ್ತಾ ಹಾಡಲು ಶುರು ಮಾಡಿದ. ಗ್ರೂಪಿನಲ್ಲಿ ಹನ್ನೊಂದು ಜನ. ಹತ್ತು ನಿಮಿಷದೊಳಗೆ ಎಲ್ಲರೂ ಮಂಗ ಆಗಿದ್ದೆವು.

ಪಕ್ಕದಲ್ಲಿ ಕೂತಿದ್ದ ಅಮ್ಮ ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ನೋಡಿದರು. ಆಮೇಲೆ ಕೇಳಿದ್ದು ರಜೆಯ ವಿಷಯ ಅಲ್ಲ. "ಇಷ್ಟು ಸಪೂರದ ಹುಡುಗನಿಗೆ ಅಷ್ಟು ದಪ್ಪ ಸ್ವರ ಎಲ್ಲಿಂದ ಬಂತು ಮಾರಾಯ್ತಿ?"

ನನ್ನ ತಲೆಗೆ ಹೊಕ್ಕ ಹುಳ ಬೇರೆ. ಈ ಹಾಡು ಬಂದದ್ದು 1987ರಲ್ಲಿ. ಇದನ್ನು ಹಿಡಿದು ಜನರನ್ನು ಮಂಗ ಮಾಡುವುದು ಶುರುವಾದದ್ದು 2007ರಲ್ಲಿ. ಆಗ ಅಕ್ಕನ ಮದುವೆ ಕೂಡ ಆಗಿರಲಿಲ್ಲ. ಇಂಟರ್ನೆಟ್ಟಿನ ತಮಾಷೆಗೆ ಸಾಮಾನ್ಯವಾಗಿ ಒಂದು ವಾರ ಆಯಸ್ಸು. ಇದು ಮಾತ್ರ ನೀರ್ಚಾಲಿನಲ್ಲಿರುವ ಅಕ್ಕನ ಮಗನ ಕೈಗೆ ಇನ್ನೂ ಬಿಸಿಬಿಸಿಯಾಗಿ ಹೇಗೆ ಸಿಕ್ಕಿತು? ಎರಡು ವಾರ ಇದರ ಹಿಂದೆಯೇ ಬಿದ್ದಿದ್ದೆ.

[ತೆರೆಯಲ್ಲಿ: ರಿಕ್‌ರೋಲ್]

ಈ ತಮಾಷೆಯ ಹೆಸರು ರಿಕ್‌ರೋಲ್. ಹಾಡಿದವರು ಇಂಗ್ಲೆಂಡಿನ ರಿಕ್ ಆಸ್ಟ್ಲಿ. ಹಾಡು 'ನೆವರ್ ಗೊನ್ನಾ ಗಿವ್ ಯೂ ಅಪ್'. ಬರೆದು ತಯಾರಿಸಿದ್ದು ಸ್ಟಾಕ್, ಏಟ್ಕನ್, ವಾಟರ್‌ಮನ್ ಎಂಬ ಮೂವರು. ಬ್ರಿಟನ್ನಿನಲ್ಲಿ ಐದು ವಾರ ಒಂದನೇ ಸ್ಥಾನದಲ್ಲಿತ್ತು. 1988ರಲ್ಲಿ ಅಮೆರಿಕದಲ್ಲೂ ಮೇಲೆ ಹೋಯಿತು. ಆಮೇಲೆ ಎಲ್ಲ ಹಾಡುಗಳ ಹಾಗೆ ಹಳತಾಯಿತು. 1993ರಲ್ಲಿ, ಇನ್ನೂ 27 ವರ್ಷದಲ್ಲೇ, ಆಸ್ಟ್ಲಿ ಮನೆ, ಮಗು ಅಂತ ಹಾಡುವ ಕೆಲಸದಿಂದ ದೂರ ಸರಿದರು.

ತಮಾಷೆ ಹುಟ್ಟಿದ್ದು ಒಂದು ಬಾತುಕೋಳಿಯಿಂದ. ಫೋರ್‌ಚಾನ್ ಎಂಬ ತಾಣದ ಒಡೆಯ, ಯಾರೇ 'ಎಗ್' ಅಂತ ಟೈಪ್ ಮಾಡಿದರೂ ಅದು 'ಡಕ್' ಆಗುವ ಹಾಗೆ ಮಾಡಿಟ್ಟಿದ್ದ. ಅಂದರೆ ಎಗ್‌ರೋಲ್ ಹೋಗಿ ಡಕ್‌ರೋಲ್. ಯಾರೋ ಬಾತುಕೋಳಿಗೆ ಚಕ್ರ ಸಿಕ್ಕಿಸಿದ ಚಿತ್ರ ಹಾಕಿದರು. 'ಇಲ್ಲಿ ಏನೋ ವಿಶೇಷ ಇದೆ' ಅಂತ ಲಿಂಕ್ ಕೊಡುವುದು, ಒತ್ತಿದರೆ ಚಕ್ರದ ಬಾತುಕೋಳಿ ಬರುವುದು. 2007ರಲ್ಲಿ ಒಂದು ದೊಡ್ಡ ವಿಡಿಯೋ ಗೇಮಿನ ಟ್ರೇಲರ್ ನೋಡಲು ಜನ ಮುಗಿಬಿದ್ದರು. ಆಗ ಯಾರೋ ಟ್ರೇಲರ್ ಅಂತ ಹೇಳಿ ಈ ಹಾಡಿನ ಲಿಂಕ್ ಕೊಟ್ಟರು. ಬಾತುಕೋಳಿ ಹೋಯಿತು, ರಿಕ್ ಬಂದರು.

ಇಷ್ಟು ಚರಿತ್ರೆ ಸಾಕು. ಇದರಲ್ಲಿ ನನ್ನ ಪ್ರಶ್ನೆಗೆ ಉತ್ತರ ಇಲ್ಲ. ಅಂಥ ತಮಾಷೆಗಳು ಆಗ ಬೇಕಾದಷ್ಟು ಇದ್ದವು. ಲಿಂಕ್ ಒತ್ತಿದರೆ ಏನೂ ನಡೆಯದ ಖಾಲಿ ಕೋಣೆ, ಆಮೇಲೆ ಒಮ್ಮೆಲೇ ಕಿರುಚುವ ಭೂತದ ಮುಖ. ನೆನಪಿದೆಯಾ? ಅದನ್ನು ಕಳಿಸಿದವನ ಮೇಲೆ ಜನರಿಗೆ ಸಿಟ್ಟೇ ಬರುತ್ತಿತ್ತು. ರಿಕ್ ಕಳಿಸಿದವನ ಮೇಲೆ ಬರುವುದಿಲ್ಲ. ಯಾಕೆ?

[ತೆರೆಯಲ್ಲಿ: ಚೆಂಡೆಯ ಹತ್ತಿರದ ಚಿತ್ರ]

ಉತ್ತರ ನನಗೆ ಸಿಕ್ಕಿದ್ದು ಯಕ್ಷಗಾನದ ಆಟ ನಡೆಯುವ ಗದ್ದೆಯಲ್ಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಪಕ್ಕದ ಊರು. ಯಕ್ಷಗಾನ ನೋಡಿಯೇ ದೊಡ್ಡವರಾದವರು ನಾವು. ತೆಂಕುತಿಟ್ಟಿನ ಆಟ ನೆನಪು ಮಾಡಿಕೊಳ್ಳಿ. ರಾತ್ರಿ ಎರಡು ಗಂಟೆ ಕಳೆದಿದೆ. ಮಕ್ಕಳೆಲ್ಲ ಚಾಪೆಯ ಮೇಲೆ ಮುದುಡಿ ಮಲಗಿದ್ದಾರೆ. ಹಿಂದಿನ ಸಾಲಿನ ಅಜ್ಜನ ತಲೆ ತೂಗುತ್ತಿದೆ. ಭಾಗವತರ ಪದ ನಿಲ್ಲುತ್ತದೆ. ಚೆಂಡೆಯ ಪೆಟ್ಟು ಬದಲಾಗುತ್ತದೆ. ಇನ್ನೂ ರಂಗದಲ್ಲಿ ಯಾರೂ ಇಲ್ಲ, ಎದುರಿಗಿರುವುದು ಒಂದು ತೆರೆ ಮಾತ್ರ. ಆದರೂ ಚಾಪೆಯ ಮೇಲಿನ ಮಗು ಎದ್ದು ಕೂತುಬಿಡುತ್ತದೆ, ಕಣ್ಣು ಉಜ್ಜಿಕೊಂಡು. ಬಣ್ಣದ ವೇಷ, ಅಂದರೆ ರಾಕ್ಷಸ ವೇಷ, ಬಂತು! ತೆರೆಯ ಹಿಂದಿನಿಂದ ಅಬ್ಬರ ಕೇಳುವುದು ಆಮೇಲೆ. ಕಿರೀಟದ ತುದಿ ಕಾಣುವುದು ಇನ್ನೂ ಆಮೇಲೆ. ಗೊತ್ತಾಗಿದ್ದು ಮಾತ್ರ ಆ ಮೊದಲ ಪೆಟ್ಟಿಗೇ.

ಈ ಹಾಡಿನ ಶುರುವಿನ ಡ್ರಮ್ಮೂ ಹಾಗೆಯೇ. ಒಂದು ಸೆಕೆಂಡಿನ ಉರುಳು. ದಡಬಡ ಅಂತ ಒಮ್ಮೆ, ಅಷ್ಟೇ. ಬೇರೆ ಹಾಡುಗಳಲ್ಲಿ ಮೆಲ್ಲಗೆ ಕೀಬೋರ್ಡ್ ಬರುತ್ತದೆ, ಆಮೇಲೆ ಗಿಟಾರ್, ಆಮೇಲೆ ಸ್ವರ. 'ಇದೇನಿರಬಹುದು' ಅಂತ ಯೋಚಿಸಲು ಹೊತ್ತಿರುತ್ತದೆ. ಇಲ್ಲಿ ಇಲ್ಲ. ಲಿಂಕ್ ಒತ್ತಿದ ಬೆರಳು ಫೋನಿನಿಂದ ಏಳುವ ಮೊದಲೇ ಗುಟ್ಟು ರಟ್ಟು.

ನಾನು ಇದನ್ನು ಪರೀಕ್ಷೆ ಮಾಡಿದೆ. ಅಕ್ಕನ ಮಗ ಭಾನುವಾರ ಮನೆಗೆ ಬಂದಿದ್ದ. ಜಗಲಿಯಲ್ಲಿ ಅಡಿಕೆ ರಾಶಿಯ ಪಕ್ಕ ಅವನನ್ನು ಆಚೆ ಮುಖ ಮಾಡಿ ಕೂರಿಸಿದೆ. ಹತ್ತು ಹಾಡುಗಳ ಮೊದಲ ಸೆಕೆಂಡು ಮಾತ್ರ ಕೇಳಿಸಿದೆ. ಅವನಿಗೆ ಬಾಯಿಪಾಠ ಇರುವ ಹಾಡುಗಳೇ ಎಲ್ಲವೂ. ಒಂಬತ್ತಕ್ಕೆ ಅವನು "ಇನ್ನೊಂಚೂರು ಹಾಕಿ ಚಿಕ್ಕಮ್ಮ" ಅಂದ. ಇದೊಂದಕ್ಕೆ ಮಾತ್ರ ತಿರುಗಿ ನಕ್ಕ.

ಹಾಗಾಗಿ ಇದು ಹೇಳಿದ ಮರುಕ್ಷಣವೇ ತಾನಾಗಿ ಒಪ್ಪಿಕೊಳ್ಳುವ ಸುಳ್ಳು. ನನಗೆ ಮುಖ್ಯ ಅನಿಸುವುದು ಇದೇ. ನಮ್ಮ ಫೋನಿಗೆ ದಿನಾ ಬರುವ ಬೇರೆ ಸುಳ್ಳು ಲಿಂಕುಗಳನ್ನು ನೋಡಿ. ಬ್ಯಾಂಕಿನ ಕೆವೈಸಿ ಅನ್ನುತ್ತವೆ, ಕರೆಂಟ್ ಕಟ್ ಮಾಡುತ್ತೇವೆ ಅನ್ನುತ್ತವೆ. ಸುಳ್ಳು ಅಂತ ನಮಗೆ ಗೊತ್ತಾಗದೆ ಇದ್ದಷ್ಟು ಹೊತ್ತು ಅವುಗಳಿಗೆ ಲಾಭ. ಗೊತ್ತಾಗುವಾಗ ಖಾತೆ ಖಾಲಿ. ರಿಕ್‌ರೋಲ್‌ನಲ್ಲಿ ಗೊತ್ತಾಗುವುದೇ ಮಜಾ. ಕಳಿಸಿದವನಿಗೂ ನೀವು ನಗುವುದೇ ಬೇಕು. ಒಟಿಪಿ ಬೇಡ.

ಇನ್ನೊಂದು ವಿಷಯ ಇದೆ, ಇದನ್ನು ಬಿಡಲು ನನಗೆ ಮನಸ್ಸೇ ಬರುವುದಿಲ್ಲ. ಆ ಹಾಡಿನಲ್ಲಿ ಅವರು ಹೇಳುವುದಾದರೂ ಏನು? ನಿನ್ನ ಕೈ ಬಿಡುವುದಿಲ್ಲ, ನಿನಗೆ ನಿರಾಸೆ ಮಾಡುವುದಿಲ್ಲ, ನಿನ್ನನ್ನು ಅಳಿಸುವುದಿಲ್ಲ, ಸುಳ್ಳು ಹೇಳಿ ನೋಯಿಸುವುದಿಲ್ಲ. ಕೇಳಿದಿರಾ! ನೀವು ಸುಳ್ಳು ಲಿಂಕ್ ಒತ್ತಿ ಮಂಗ ಆಗಿ ಕೂತಿದ್ದೀರಿ. ಎದುರಿಗೆ ಒಬ್ಬ ಎದೆ ಮುಟ್ಟಿ ಹಾಡುತ್ತಿದ್ದಾನೆ, ಸುಳ್ಳು ಹೇಳಿ ನೋಯಿಸುವುದಿಲ್ಲ ಅಂತ. ಅರ್ಧ ಮಾತು ಆಗಲೇ ಮುರಿದಿದೆ, ಸುಳ್ಳು ಹೇಳಿಯಾಗಿದೆ. ಉಳಿದರ್ಧ ಮಾತು ಮಾತ್ರ ಅವರು ಪೂರ್ತಿ ನಡೆಸಿಕೊಟ್ಟಿದ್ದಾರೆ, ಯಾರಿಗೂ ನೋವಾಗಿಲ್ಲ. ಇದನ್ನು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ. ಬೇರೆ ಯಾವ ಹಾಡು ಹಾಕಿದ್ದರೂ ಹೀಗೆ ಕೂರುತ್ತಿರಲಿಲ್ಲ.

[ತೆರೆಯಲ್ಲಿ: ಟೀ ಲೋಟ, ಟೇಪ್ ರೆಕಾರ್ಡರ್]

ಈಗ ಅಮ್ಮನ ಪ್ರಶ್ನೆ. ಆಸ್ಟ್ಲಿ ಹುಟ್ಟಿದ್ದು 1966ರಲ್ಲಿ, ನ್ಯೂಟನ್-ಲೆ-ವಿಲೋಸ್ ಎಂಬ ಸಣ್ಣ ಊರಿನಲ್ಲಿ. ಮೊದಲು ಡ್ರಮ್ ಬಾರಿಸುತ್ತಿದ್ದರು. ವಾಟರ್‌ಮನ್ ಅವರ ಸ್ಟುಡಿಯೋಕ್ಕೆ ಬಂದ ಮೇಲೂ ತಕ್ಷಣ ಹಾಡಲು ಸಿಗಲಿಲ್ಲ. ಟೇಪ್ ನೋಡಿಕೊಳ್ಳುವುದು, ಎಲ್ಲರಿಗೂ ಟೀ ಮಾಡಿಕೊಡುವುದು, ಅದೇ ಕೆಲಸ. ಹಾಡು ಬಂದಾಗ 21 ವರ್ಷ. ರೇಡಿಯೋದಲ್ಲಿ ಸ್ವರ ಮಾತ್ರ ಕೇಳಿದವರು ಯಾರೋ ವಯಸ್ಸಾದ ದಪ್ಪ ಆಸಾಮಿ ಅಂದುಕೊಂಡಿದ್ದರಂತೆ. ವಿಡಿಯೋ ನೋಡಿದರೆ ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹಾಗಿರುವ ಹುಡುಗ.

ಈ ಹೊಂದಿಕೆಯಾಗದ ಜೋಡಿಯೂ ತಮಾಷೆಗೆ ಗೊಬ್ಬರ. ಮುಖ ಒಂದು, ಸ್ವರ ಇನ್ನೊಂದು. ವಿಡಿಯೋದಲ್ಲಿ ಬಾರಿನ ಕೆಲಸದವನೊಬ್ಬ ಇದ್ದಕ್ಕಿದ್ದಂತೆ ಲಾಗ ಹಾಕುತ್ತಾನೆ. ಆದರೆ ಯಾರೂ ಯಾರನ್ನೂ ಗೇಲಿ ಮಾಡುತ್ತಿಲ್ಲ. ಆ ಹುಡುಗ ಮನಸ್ಸಿಟ್ಟು ಹಾಡುತ್ತಿದ್ದಾನೆ. ಹಾಡೂ ಚೆನ್ನಾಗಿದೆ, ಅಲ್ವಾ? ಮೋಸ ಹೋದವರಿಗೆ ಕೊನೆಗೆ ಸಿಗುವುದು ಮೂರೂವರೆ ನಿಮಿಷದ ಒಳ್ಳೆ ಹಾಡು. ಬೇಕಿದ್ದರೆ ನಿಲ್ಲಿಸಬಹುದು. ತುಂಬ ಜನ ನಿಲ್ಲಿಸುವುದಿಲ್ಲ, ನನ್ನ ಅಮ್ಮನ ಹಾಗೆ.

ಹೊತ್ತು ಜಾಸ್ತಿ ಆಯಿತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

2008ರ ಏಪ್ರಿಲ್ 1ರಂದು ಯೂಟ್ಯೂಬ್ ತನ್ನ ಮೊದಲ ಪುಟದಲ್ಲಿ ಆರಿಸಿಟ್ಟ ವಿಡಿಯೋಗಳ ಲಿಂಕುಗಳನ್ನೆಲ್ಲ ಈ ಹಾಡಿಗೇ ತಿರುಗಿಸಿತು. ಅದೇ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೇಸೀಸ್ ಅಂಗಡಿಯವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೆರವಣಿಗೆಯಲ್ಲಿ, ಬೊಂಬೆಗಳು ಹಾಡುತ್ತಿದ್ದ ರಥದ ಒಳಗಿನಿಂದ ಸ್ವತಃ ಆಸ್ಟ್ಲಿ ಎದ್ದು ಬಂದರು. ತನ್ನ ಹೆಸರಿನ ತಮಾಷೆಯನ್ನು ತಾನೇ ಮಾಡಿದರು. ಕೇಸು ಹಾಕಲಿಲ್ಲ, ಮುನಿಸಿಕೊಳ್ಳಲಿಲ್ಲ. ಅವರು ಮೂಗು ಮುರಿದಿದ್ದರೆ ಇದು ಅಂದೇ ಮುಗಿಯುತ್ತಿತ್ತು ಅಂತ ನನ್ನ ನಂಬಿಕೆ. 2020ರಲ್ಲಿ ರೆಡಿಟ್ ಎಂಬ ತಾಣದಲ್ಲಿ ಒಬ್ಬರು ರಿಕ್ ಆಸ್ಟ್ಲಿಯವರಿಗೇ ರಿಕ್‌ರೋಲ್ ಮಾಡಿದರು! 2021ರ ಜುಲೈಯಲ್ಲಿ ವಿಡಿಯೋ 100 ಕೋಟಿ ವೀಕ್ಷಣೆ ದಾಟಿತು.

2021ರಲ್ಲೇ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಬ್ಬ ಹೈಸ್ಕೂಲ್ ಹುಡುಗ ಮತ್ತವನ ಗೆಳೆಯರು ಆರು ಶಾಲೆಗಳ 500ಕ್ಕೂ ಹೆಚ್ಚು ಸ್ಕ್ರೀನುಗಳಲ್ಲಿ ಒಮ್ಮೆಲೇ ಈ ಹಾಡು ಹಾಕಿದರು. ಪರೀಕ್ಷೆಗೆ ತೊಂದರೆ ಆಗದ ಹೊತ್ತು ನೋಡಿಯೇ ಮಾಡಿದ್ದರು. ಮುಗಿದ ಮೇಲೆ ಎಲ್ಲ ಮೊದಲಿನ ಹಾಗೆ ಮಾಡಿಟ್ಟು, ನೆಟ್‌ವರ್ಕಿನಲ್ಲಿ ಎಲ್ಲೆಲ್ಲಿ ತೂತಿದೆ ಅಂತ 26 ಪುಟದ ವರದಿ ಬರೆದು ಕೊಟ್ಟರು. ಶಾಲೆಯವರು ಶಿಕ್ಷೆ ಕೊಡಲಿಲ್ಲ, ಥ್ಯಾಂಕ್ಸ್ ಹೇಳಿದರು. ಆ ಶಿಸ್ತು ನನಗೆ ತುಂಬ ಹಿಡಿಸಿತು. ಆದರೆ ಹೇಳದೆ ಕೇಳದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗುವುದನ್ನು ನಾನು ಒಪ್ಪುವುದಿಲ್ಲ. ನೋಡುವ ಮಕ್ಕಳೇ, ಅದು ಬೇಡ.

ಅಕ್ಕನ ಮಗನಿಗೂ ಒಂದು ಮಾತು ಹೇಳಿದೆ. ಮನೆಯ ಗ್ರೂಪಿನಲ್ಲಿ ಆಯಿತು, ಆದರೆ ಕಲೆಕ್ಟರ್ ರಜೆ ಅಂತ ಹೊರಗೆ ಕಳಿಸಬೇಡ. ಲಿಂಕ್ ಒತ್ತದೆ, ಮೇಲಿನ ಸಾಲು ಮಾತ್ರ ಓದಿ ಮುಂದಕ್ಕೆ ಕಳಿಸುವವರೇ ಜಾಸ್ತಿ. ಅವರಿಗೆ ಡ್ರಮ್ ಕೇಳಿಸುವುದೇ ಇಲ್ಲ. ಅಂಥವರ ಕೈಯಲ್ಲಿ ಅದು ಬರೀ ಸುಳ್ಳು ಸುದ್ದಿ. ಬೆಳಗ್ಗೆ ಯಾವುದೋ ಮಗು ಶಾಲೆ ತಪ್ಪಿಸುತ್ತದೆ.

ಅವನು ಸ್ವಲ್ಪ ಹೊತ್ತು ಸುಮ್ನೆ ಇದ್ದ. ಅಡಿಕೆಯೊಂದನ್ನು ಉರುಳಿಸುತ್ತಾ ಕೂತ. ಆಮೇಲೆ, "ಹಾಗಾದರೆ ಲಿಂಕ್ ಒತ್ತದೆ ಇರಲು ಆಗಲೇಬಾರದು, ಅಂಥದ್ದು ಬೇಕು" ಅಂದ. ಅದಕ್ಕೆ ಉತ್ತರ ಕೊಟ್ಟದ್ದು ಒಳಗಿನಿಂದ ಅಮ್ಮ.

[ತೆರೆಯಲ್ಲಿ: ಅಪ್ಪ ತುಂಬಿದ ಬಾಳೆಲೆ]

ಮಧೂರು ದೇವಸ್ಥಾನದ ಗಣಪತಿಯ ಪ್ರಸಾದದ ಅಪ್ಪ ತಿನ್ನದವರು ಕಾಸರಗೋಡಿನಲ್ಲಿ ಯಾರಿದ್ದಾರೆ? ಮನೆಯಲ್ಲಿ ಎಷ್ಟು ಮಾಡಿದರೂ ಆ ರುಚಿ ಬರುವುದಿಲ್ಲ ಅಂತ ಎಲ್ಲ ಹೆಂಗಸರ ದೂರು. ಅಮ್ಮ ತಾವೇ ಫೋನ್ ಹಿಡಿದು, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು. "ಮಧೂರು ಅಪ್ಪ ಮನೆಯಲ್ಲೇ ಮಾಡುವ ಕ್ರಮ." ಕೆಳಗೆ ಮೊಮ್ಮಗ ಲಿಂಕ್ ಅಂಟಿಸಿದ. ಪುತ್ತೂರಿನಲ್ಲಿರುವ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ಹೋಯಿತು.

ನೀಲಿ ಗೆರೆ ಎರಡು ಬಂದವು. ಮೂರು ಜನ ಫೋನಿನ ಸುತ್ತ ಕೂತೆವು. ಐದು ನಿಮಿಷ ಆಯಿತು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಷ್ಟರಲ್ಲಿ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು.

"ಪೂರ್ತಿ ನೋಡಿದೆ. ಹಾಡು ಲಾಯ್ಕಿದೆ. ಆದರೆ ಬೆಲ್ಲ ಎಷ್ಟು ಹಾಕುವುದು ಅಂತ ಆ ಹುಡುಗ ಹೇಳಿಯೇ ಇಲ್ಲವಲ್ಲ?"